ಸಿಂಗಳೀಕದ ಹಿಕ್ಕೆ, ಮನುಷ್ಯರ ಪ್ರೈಮರ್: ರಿಪೀಟ್ ಉದ್ದ ಹೋಲಿಸಿ ವಂಶವೃಕ್ಷ ಬರೆಯಬಹುದೇ?

ಕೋಡಿಬಾಗ (ಪ್ರಶ್ನೆ)

ಅಘನಾಶಿನಿ ಕಣಿವೆಯ ಸಿಂಗಳೀಕ, ಶಿರಸಿ ಸುತ್ತಲಿನ ಊರ ಮಂಗ ಅಂದರೆ ಬಾನೆಟ್ ಮಕಾಕ್, ಮತ್ತೆ ಮುಸ್ಯ. ಈ ಮೂರರ ಹಿಕ್ಕೆಯಿಂದ ಡಿಎನ್‌ಎ ತೆಗೆದು ಮೈಕ್ರೋಸ್ಯಾಟಲೈಟ್ (ಕೆಲವೇ ಅಕ್ಷರದ ಪದ ಸಾಲಾಗಿ ಮರುಕಳಿಸುವ ರಿಪೀಟ್) ನೋಡುವ ಎಂಎಸ್ಸಿ ಪ್ರಾಜೆಕ್ಟ್ ಇದು. ಅರಣ್ಯ ಇಲಾಖೆಯ ಅನುಮತಿ ಸಿಕ್ಕಿದೆ. ಮನುಷ್ಯರಿಗೆಂದು ಮಾಡಿದ ಡಿ3ಎಸ್1768, ಡಿ5ಎಸ್1457, ಡಿ10ಎಸ್1432 ಥರದ ಟೆಟ್ರಾ (ನಾಲ್ಕಕ್ಷರದ) ರಿಪೀಟ್ ಪ್ರೈಮರ್‌ಗಳನ್ನೇ, ಅಂದರೆ ನಕಲು ಶುರುವಾಗುವ ಜಾಗಕ್ಕೆ ಅಂಟುವ ಗಿಡ್ಡ ಡಿಎನ್‌ಎ ತುಂಡುಗಳನ್ನೇ, ಬಳಸಿ, ಬಂದ ಅಲೀಲ್ (ಒಂದೇ ಜಾಗದ ಬೇರೆ ಬೇರೆ ರೂಪ) ಉದ್ದವನ್ನು ಮನುಷ್ಯರ ದತ್ತಾಂಶದ ಪಕ್ಕ ಇಟ್ಟು, ಯಾವ ವಂಶದಲ್ಲಿ ರಿಪೀಟ್ ಬೆಳೆದಿದೆ, ಯಾವುದರಲ್ಲಿ ಕುಗ್ಗಿದೆ ಎಂದು ವೃಕ್ಷ ಬರೆಯುವ ಯೋಚನೆ.

ಮೊದಲ ಪ್ಲೇಟಿನಲ್ಲೇ ತೊಡಕು. ಕೆಲವು ಲೋಕಸ್‌ಗಳಲ್ಲಿ, ಅಂದರೆ ಕ್ರೋಮೋಸೋಮ್‌ನ ಗೊತ್ತಾದ ಜಾಗಗಳಲ್ಲಿ, ಪಿಸಿಆರ್ (ಡಿಎನ್‌ಎ ನಕಲು ಹೆಚ್ಚಿಸುವ ವಿಧಾನ) ಮಾಡಿದರೂ ಏನೂ ಬರಲಿಲ್ಲ. ಒಂದರಲ್ಲಿ ಅಲೀಲ್ ಉದ್ದ ತೋರಿಸುವ ಶಿಖರಗಳು ಏಣಿಯ ಹಾಗೆ ನಿಂತಿವೆ. ಹೋಮೋಜೈಗೋಟ್‌ಗಳು (ಎರಡೂ ಅಲೀಲ್ ಒಂದೇ ಇರುವವು) ಲೆಕ್ಕಕ್ಕಿಂತ ಬಹಳ ಜಾಸ್ತಿ. ಎರಡು ಮಾದರಿಗಳ ಅಲೀಲ್ ಮನುಷ್ಯರ ಸಾಮಾನ್ಯ ಅಲೀಲ್‌ಗೆ ಸರಿಯಾಗಿ ಹೊಂದುತ್ತಿದೆ, ಅದೇ ಹೆಚ್ಚು ಅನುಮಾನ.

ಇನ್ನೊಂದು ವಿಷಯ. ಯಲ್ಲಾಪುರ, ಹಳಿಯಾಳ ಕಡೆಯ ಆಫ್ರಿಕಾ ಮೂಲದ ಸಿದ್ಧಿ ಸಮುದಾಯದ ಬಗ್ಗೆ ಪ್ರಕಟವಾದ ವೈ-ಎಸ್‌ಟಿಆರ್ (ತಂದೆಯಿಂದ ಮಗನಿಗೆ ಹೋಗುವ ವೈ ಕ್ರೋಮೋಸೋಮ್‌ನ ಮೈಕ್ರೋಸ್ಯಾಟಲೈಟ್) ದತ್ತಾಂಶ ಇಟ್ಟುಕೊಂಡು ಅವರು ಇಲ್ಲಿಗೆ ಬಂದ ಕಾಲ ಲೆಕ್ಕ ಹಾಕಿದರೆ, ಒಂದು ಮ್ಯುಟೇಶನ್ ದರಕ್ಕೂ ಇನ್ನೊಂದು ದರಕ್ಕೂ ಮೂರು ಪಟ್ಟು ವ್ಯತ್ಯಾಸ. ಯಾವುದು ಸರಿ? ಕೊನೆಯದಾಗಿ, ಬಿಎಸ್ಸಿ ಮಕ್ಕಳಿಗೆ ಒಂದು ಜೆಲ್‌ನಲ್ಲಿ (ಡಿಎನ್‌ಎ ತುಂಡುಗಳನ್ನು ಉದ್ದದಂತೆ ಬೇರ್ಪಡಿಸುವ ಪದರ) ಮುಗಿಯುವ, ಮನುಷ್ಯ-ಮಂಗದ ನಂಟು ಕಣ್ಣಿಗೆ ಕಾಣುವ ಪ್ರಯೋಗ ಏನಾದರೂ ಇದೆಯೇ?

ಸಹಸ್ರಲಿಂಗ

ವೃಕ್ಷದ ಯೋಚನೆ ಬಿಡಿ. ಪ್ರೈಮರ್ ಕೆಲಸ ಮಾಡಿದರೂ ಆ ವೃಕ್ಷಕ್ಕೆ ಅರ್ಥ ಇರುವುದಿಲ್ಲ.

ರಿಪೀಟ್ ಹೇಗೆ ಬದಲಾಗುತ್ತದೆ ಎಂಬುದರಲ್ಲೇ ಉತ್ತರ ಇದೆ. ಡಿಎನ್‌ಎ ನಕಲಾಗುವಾಗ ನಕಲು ಮಾಡುವ ಪಾಲಿಮರೇಸ್ ಕಿಣ್ವ ಕ್ಷಣಕಾಲ ಬಿಟ್ಟು ಮತ್ತೆ ಹಿಡಿಯುತ್ತದೆ. ಬೇರೆ ಕಡೆ ಆದರೆ ಎಳೆಗಳು ತಮ್ಮ ಜಾಗದಲ್ಲೇ ಕೂರುತ್ತವೆ. ಎಜಿಎಟಿ ಎಜಿಎಟಿ ಎಜಿಎಟಿ ಎಂದು ಒಂದೇ ಪದ ಸಾಲಾಗಿ ಇದ್ದಲ್ಲಿ, ಅಂಗಿಯ ಗುಂಡಿ ಒಂದು ತಪ್ಪಿ ಹಾಕಿದ ಹಾಗೆ, ಒಂದು ಘಟಕ ಜಾರಿ ಕೂರುತ್ತದೆ. ಉಳಿದ ಘಟಕ ಕುಣಿಕೆಯಾಗಿ ಹೊರಗೆ ಚಾಚುತ್ತದೆ. ಹೊಸ ಎಳೆಯಲ್ಲಿ ಕುಣಿಕೆಯಾದರೆ ಒಂದು ಘಟಕ ಹೆಚ್ಚು, ಹಳೆಯ ಎಳೆಯಲ್ಲಿ ಆದರೆ ಒಂದು ಕಡಿಮೆ. ಮಿಸ್‌ಮ್ಯಾಚ್ ರಿಪೇರಿ ವ್ಯವಸ್ಥೆ, ಅಂದರೆ ಎಂಎಸ್‌ಎಚ್2 ಮತ್ತು ಅದರ ಜೊತೆಗಾರ ಪ್ರೋಟೀನ್‌ಗಳು, ಇಂಥ ಕುಣಿಕೆಗಳಲ್ಲಿ ಹೆಚ್ಚಿನವನ್ನು ಕತ್ತರಿಸಿ ಸರಿ ಮಾಡುತ್ತವೆ. ತಪ್ಪಿಸಿಕೊಂಡದ್ದೇ ನಮಗೆ ಕಾಣುವ ಮ್ಯುಟೇಶನ್.

ದರ ನೋಡಿ. ಒಂಟಿ ಅಕ್ಷರದ ಬದಲಾವಣೆ ತಲೆಮಾರಿಗೆ 100 ಕೋಟಿ ಅಕ್ಷರಕ್ಕೆ ಸುಮಾರು 12. 2012ರಲ್ಲಿ ಐಸ್‌ಲ್ಯಾಂಡ್‌ನ 85,289 ಜನರ ವಂಶಾವಳಿ ಮೇಲೆ ನಡೆದ ಅಧ್ಯಯನದಲ್ಲಿ ಎರಡಕ್ಷರದ ರಿಪೀಟ್‌ಗೆ ಸಿಕ್ಕಿದ್ದು ಲೋಕಸ್ ಒಂದಕ್ಕೆ 10,000 ತಲೆಮಾರಿಗೆ 2.7, ನಾಲ್ಕಕ್ಷರದ್ದಕ್ಕೆ ಸುಮಾರು 10. ತಂದೆಯ ಕಡೆಯಿಂದ ಬರುವ ಮ್ಯುಟೇಶನ್ ತಾಯಿಯ ಕಡೆಯದಕ್ಕಿಂತ 3.3 ಪಟ್ಟು.

ಈಗ ನಿಮ್ಮ ವೃಕ್ಷಕ್ಕೆ ಇದನ್ನು ಹಚ್ಚಿ. ಮಕಾಕ್ ವಂಶ ಮತ್ತು ನಮ್ಮ ವಂಶ ಬೇರೆಯಾಗಿ ಕಡಿಮೆ ಎಂದರೂ 2.5 ಕೋಟಿ ವರ್ಷ. ಮಂಗದ ತಲೆಮಾರು 10 ವರ್ಷ ಎಂದು ಹಿಡಿದರೆ 25 ಲಕ್ಷ ತಲೆಮಾರು. ಸಾವಿರಕ್ಕೆ ಒಂದರ ದರದಲ್ಲಿ, ಅದೂ ಮಂಗದ ಕೊಂಬೆಯೊಂದರಲ್ಲೇ, 2,500 ಹೆಜ್ಜೆ. ಆದರೆ ಅಲೀಲ್‌ಗಳು ಓಡಾಡುವ ಜಾಗ 8ರಿಂದ 25 ಘಟಕ ಅಷ್ಟೇ. ಹೋಗಿ ಬಂದು ಹೋಗಿ ಬಂದು ಎಲ್ಲ ಗುರುತೂ ಅಳಿಸಿಹೋಗಿರುತ್ತದೆ. ಮನುಷ್ಯನಲ್ಲೂ 12, ಸಿಂಗಳೀಕದಲ್ಲೂ 12 ಎಂದರೆ ನಂಟಲ್ಲ, ಕಾಕತಾಳೀಯ.

ಜೊತೆಗೆ ಆಯ್ಕೆಯಲ್ಲೇ ಒಂದು ಪಕ್ಷಪಾತ ಇದೆ. ಈ ಲೋಕಸ್‌ಗಳನ್ನು ಮನುಷ್ಯರಲ್ಲಿ ಉದ್ದವಾಗಿವೆ, ವೈವಿಧ್ಯ ಹೆಚ್ಚಿದೆ ಎಂದೇ ಆರಿಸಿದ್ದು. ಹಾಗೆ ಆರಿಸಿದ್ದನ್ನು ಬೇರೆ ಪ್ರಾಣಿಯಲ್ಲಿ ಅಳೆದರೆ ಗಿಡ್ಡ ಕಾಣುವುದು ಸಹಜ. 1995ರಲ್ಲಿ ಮನುಷ್ಯರ ರಿಪೀಟ್‌ಗಳು ಚಿಂಪಾಂಜಿಯದ್ದಕ್ಕಿಂತ ಉದ್ದ, ನಮ್ಮ ವಂಶದಲ್ಲಿ ರಿಪೀಟ್ ಬೆಳೆಯುವತ್ತ ವಾಲಿದೆ ಎಂಬ ವಾದ ಬಂದಾಗ ಎದ್ದ ಆಕ್ಷೇಪ ಇದೇ. 1997ರಲ್ಲಿ ಹಸುವಿನಲ್ಲಿ ಹುಡುಕಿದ ಲೋಕಸ್‌ಗಳನ್ನು ಕುರಿಯಲ್ಲಿ, ಕುರಿಯಲ್ಲಿ ಹುಡುಕಿದ್ದನ್ನು ಹಸುವಿನಲ್ಲಿ ಅಳೆದು ನೋಡಿದರು. ಯಾವುದರಲ್ಲಿ ಹುಡುಕಿದರೋ ಅದರಲ್ಲೇ ಉದ್ದ! ನಿಮ್ಮ ಪ್ರಾಜೆಕ್ಟ್ ಇಮ್ಮುಖವಾಗಿ ಇಲ್ಲ. ಆದ್ದರಿಂದ ಬೆಳೆದಿದೆ, ಕುಗ್ಗಿದೆ ಎಂಬ ಮಾತು ಬರೆಯಬೇಡಿ.

ಉದ್ದ ಒಂದೇ ಇದ್ದರೂ ಒಳಗೆ ಬೇರೆ ಇರಬಹುದು ಎಂಬುದು ಇನ್ನೊಂದು ಬಲೆ. 12 ಎಜಿಎಟಿ ಇರುವ ಅಲೀಲ್ ಮತ್ತು 8 ಎಜಿಎಟಿ ಆದಮೇಲೆ 4 ಎಜಿಎಸಿ ಇರುವ ಅಲೀಲ್ ಎರಡೂ ಉದ್ದ ಅಳೆಯುವ ಯಂತ್ರದ ಕ್ಯಾಪಿಲರಿಯಲ್ಲಿ ಒಂದೇ ಜಾಗಕ್ಕೆ ಬರುತ್ತವೆ. ಆದರೆ ಎರಡರ ನಡವಳಿಕೆ ಬೇರೆ. ಶುದ್ಧ ಸಾಲು ಜಾರುತ್ತದೆ, ನಡುವೆ ಬೇರೆ ಅಕ್ಷರ ಬಂದರೆ ಜಾರುವುದು ತಗ್ಗುತ್ತದೆ. ಇದರ ಅತ್ಯಂತ ಸ್ಪಷ್ಟ ಉದಾಹರಣೆ ಎಫ್‌ಎಂಆರ್1 ಜೀನ್. ಸಾಮಾನ್ಯವಾದ 30 ಘಟಕಗಳ ಅಲೀಲ್‌ನಲ್ಲಿ 10 ಸಿಜಿಜಿ, ಒಂದು ಎಜಿಜಿ, 9 ಸಿಜಿಜಿ, ಮತ್ತೊಂದು ಎಜಿಜಿ, ಮತ್ತೆ 9 ಸಿಜಿಜಿ. ಆ ಎರಡು ಎಜಿಜಿಗಳೇ ಬೀಗ. ಅವು ಕಳೆದುಹೋದ ಅಲೀಲ್‌ಗಳು 55ರಿಂದ 200ರ ಪ್ರಿಮ್ಯುಟೇಶನ್ ಹಂತ ತಲುಪಿದಾಗ ತಾಯಿಯಿಂದ ಮಗುವಿಗೆ ದಾಟುವಾಗ 200 ಮೀರಿ ಹಿಗ್ಗುವ ಅಪಾಯ ಹೆಚ್ಚು. ಬುದ್ಧಿ ಬೆಳವಣಿಗೆ ಕುಂಠಿತವಾಗುವ ಫ್ರಜೈಲ್ ಎಕ್ಸ್ ಕಾಯಿಲೆ ಬರುವುದು ಆಗ.

ಹಾಗಾದರೆ ಮಾಡಬೇಕಾದ್ದೇನು? ಮೂರೂ ಪ್ರಭೇದ ಸೇರಿಸಿ ವೃಕ್ಷ ಬರೆಯುವ ಬದಲು ಒಂದೇ ಪ್ರಭೇದದೊಳಗೆ ನಿಲ್ಲಿ. ಹೊಳೆಯ ಈಚೆಯ ಸಿಂಗಳೀಕ ಗುಂಪು, ಆಚೆಯ ಗುಂಪು, ರಸ್ತೆ ಮತ್ತು ತೋಟ ಕಡಿದು ಬೇರೆ ಮಾಡಿದ ಗುಂಪು, ಇವುಗಳ ನಡುವೆ ಜೀನ್ ಹರಿವು ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಮೈಕ್ರೋಸ್ಯಾಟಲೈಟ್ ಹೇಳಿಮಾಡಿಸಿದ ಸಾಧನ. ಹತ್ತಾರು ತಲೆಮಾರಿನ ಗಡಿಯಾರದಿಂದ ಕೋಟಿ ವರ್ಷ ಅಳೆಯಲು ಹೋಗಬಾರದು, ಅಷ್ಟೇ.

ಹೊನ್ನೆಮರ

ತತ್ವ ಮೇಲಿನವರು ಹೇಳಿದರು. ನಾನು ಪ್ಲೇಟಿನ ಬಗ್ಗೆ.

ಮನುಷ್ಯರ ಅಲೀಲ್‌ಗೆ ಹೊಂದಿದ ಎರಡು ಮಾದರಿ ಎಂದಿರಲ್ಲ, ಅದು ಹೆಚ್ಚುಕಡಿಮೆ ಖಂಡಿತ ನಿಮ್ಮ ತಂಡದವರದ್ದೇ ಡಿಎನ್‌ಎ. ಮನುಷ್ಯರ ಪ್ರೈಮರ್‌ಗೆ ಮನುಷ್ಯರ ಡಿಎನ್‌ಎ ಪೂರ್ತಿ ಹೊಂದುತ್ತದೆ, ಮಂಗದ್ದು ಅರೆಬರೆ. ಹಿಕ್ಕೆಯಿಂದ ಬಂದ ಡಿಎನ್‌ಎಯಲ್ಲಿ ಬಹುಪಾಲು ಬ್ಯಾಕ್ಟೀರಿಯಾ ಮತ್ತು ತಿಂದ ಗಿಡದ್ದು, ಮಂಗದ ಪಾಲು ಪಿಕೋಗ್ರಾಂ ಲೆಕ್ಕದಲ್ಲಿ. ಕೈಯಿಂದ ಬಿದ್ದ ಒಂದಷ್ಟು ಕೋಶ ಸಾಕು ಗೆಲ್ಲಲು. ಕಾಡಿನಲ್ಲಿ ಎತ್ತಿದವರು, ಲ್ಯಾಬಿನಲ್ಲಿ ತೆಗೆದವರು ಎಲ್ಲರ ಪ್ರೊಫೈಲ್ ಮಾಡಿ ಇಟ್ಟುಕೊಳ್ಳಿ. ಪ್ರತಿ ಎಕ್ಸ್‌ಟ್ರಾಕ್ಷನ್ (ಡಿಎನ್‌ಎ ತೆಗೆಯುವ) ಬ್ಯಾಚಿಗೂ ಹಿಕ್ಕೆ ಹಾಕದ ಒಂದು ಖಾಲಿ ಟ್ಯೂಬ್ ಕೊನೆಯವರೆಗೂ ಬರಲಿ.

ಏನೂ ಬಾರದ ಲೋಕಸ್‌ಗೆ ಕಾರಣ ಸರಳ ಲೆಕ್ಕ. ಮನುಷ್ಯ ಮತ್ತು ರೀಸಸ್ ಮಕಾಕ್ ನಡುವೆ ಜೋಡಿಸಿ ನೋಡಬಹುದಾದ ಭಾಗದಲ್ಲಿ ಸುಮಾರು 6.5% ವ್ಯತ್ಯಾಸ. 20 ಅಕ್ಷರದ ಪ್ರೈಮರ್‌ಗೆ ಸರಾಸರಿ 1.3 ತಪ್ಪು, ಜೋಡಿಗೆ 2.6. ತಪ್ಪು ಪ್ರೈಮರಿನ ಆರಂಭದ, ಅಂದರೆ 5 ಪ್ರೈಮ್, ತುದಿಯಲ್ಲಿದ್ದರೆ ನಡೆಯುತ್ತದೆ. ನಕಲು ಮುಂದುವರಿಯುವ 3 ಪ್ರೈಮ್ ತುದಿಯ ಕೊನೆಯ ಎರಡು ಅಕ್ಷರದಲ್ಲಿದ್ದರೆ ಪಾಲಿಮರೇಸ್ ಮುಂದೆ ಹೋಗುವುದಿಲ್ಲ. ಅನೀಲಿಂಗ್ (ಪ್ರೈಮರ್ ಅಂಟುವ) ತಾಪಮಾನ 2 ಡಿಗ್ರಿಯಂತೆ ಇಳಿಸಿ 50ರವರೆಗೆ ಬಂದು ನೋಡಬಹುದು, ಆದರೆ ಇಳಿಸಿದಷ್ಟೂ ಬೇಡದ ಪಟ್ಟಿ ಬರುತ್ತದೆ. ಅದರ ಬದಲು ರೀಸಸ್ ಜೀನೋಮ್ ತೆರೆದು ಅದೇ ಲೋಕಸ್‌ಗೆ ಹೊಸ ಪ್ರೈಮರ್ ಬರೆಯಿರಿ. ಸಿಂಗಳೀಕವೂ ಬಾನೆಟ್ಟೂ ಮಕಾಕಾ ಕುಲದವೇ, ಹೊಂದುತ್ತದೆ. ಮುಸ್ಯ ಬೇರೆ ಉಪಕುಟುಂಬ. ಅದನ್ನು ಇದೇ ಪ್ಲೇಟಿಗೆ ಎಳೆಯಬೇಡಿ. ಹೊಸ ಪ್ರೈಮರ್ ಬರೆಯುವಾಗ ಉತ್ಪನ್ನ 200 ಬೇಸ್ ಆಸುಪಾಸು ಇರಲಿ. ಹಿಕ್ಕೆಯಲ್ಲಿ ಡಿಎನ್‌ಎ ತುಂಡಾಗಿರುತ್ತದೆ, 300 ದಾಟಿದರೆ ಬರುವುದೇ ಕಷ್ಟ. ಇನ್ನೊಂದು ಲಾಭ, ಮನುಷ್ಯರ ಡಿಎನ್‌ಎ ಈಗ ಅರೆಬರೆ ಹೊಂದುವ ಸರದಿ.

ಹೋಮೋಜೈಗೋಟ್ ಹೆಚ್ಚಾಗಲು ಎರಡು ಬೇರೆ ಬೇರೆ ಕಾರಣ, ಎರಡನ್ನೂ ಕಲಸಬೇಡಿ. ಒಂದು ನಲ್ ಅಲೀಲ್. ಪ್ರೈಮರ್ ಕೂರುವ ಜಾಗದಲ್ಲೇ ಮ್ಯುಟೇಶನ್ ಇರುವ ಪ್ರತಿ ಎಂದೂ ಬರುವುದಿಲ್ಲ. ಎಷ್ಟು ಸಲ ಪಿಸಿಆರ್ ಮಾಡಿದರೂ ಉತ್ತರ ಅದೇ. ತಾಯಿ-ಮರಿ ಜೋಡಿಯಲ್ಲಿ ತಾಯಿ 202/202, ಮರಿ 210/210 ಎಂದು ಬಂದರೆ ಅದು ನಲ್‌ನ ಸಹಿ. ಎರಡನೆಯದು ಡ್ರಾಪ್‌ಔಟ್. ಡಿಎನ್‌ಎ ಅಷ್ಟು ಕಡಿಮೆ ಇದೆ ಎಂದರೆ ಎರಡು ಅಲೀಲ್‌ನಲ್ಲಿ ಒಂದು ಟ್ಯೂಬಿಗೇ ಬಿದ್ದಿರುವುದಿಲ್ಲ. ಇದು ಸಲದಿಂದ ಸಲಕ್ಕೆ ಬದಲಾಗುತ್ತದೆ. ಒಂದು ಸಲಕ್ಕೆ ಡ್ರಾಪ್‌ಔಟ್ ಸಾಧ್ಯತೆ 0.3 ಇದ್ದರೆ, ನಿಜವಾದ ಹೆಟೆರೋಜೈಗೋಟ್ (ಎರಡು ಬೇರೆ ಅಲೀಲ್ ಇರುವ ಪ್ರಾಣಿ) ಎರಡು ಸಲವೂ ಒಂದೇ ಹೋಮೋಜೈಗೋಟ್ ಆಗಿ ಕಾಣುವ ಸಾಧ್ಯತೆ 4.5%. ಮೂರು ಸಲವೂ ಹಾಗೇ ಕಾಣುವುದು 0.7%. ಐದು ಸಲ ಎಂದರೆ ಲೆಕ್ಕಕ್ಕಿಲ್ಲ. ಪದ್ಧತಿ ಹೀಗೆ: ಹೆಟೆರೋಜೈಗೋಟ್ ಎನ್ನಲು ಎರಡೂ ಅಲೀಲ್ ಕನಿಷ್ಠ ಎರಡು ಬೇರೆ ಪಿಸಿಆರ್‌ನಲ್ಲಿ ಕಾಣಬೇಕು. ಹೋಮೋಜೈಗೋಟ್ ಎನ್ನಲು ಹೆಚ್ಚು ಸಲ, ಡಿಎನ್‌ಎ ತೀರಾ ಕಡಿಮೆ ಇದ್ದರೆ ಏಳು ಸಲದವರೆಗೂ.

ಏಣಿಯ ವಿಷಯಕ್ಕೆ ಬರೋಣ. ಟ್ಯೂಬಿನೊಳಗೂ ಪಾಲಿಮರೇಸ್ ಜಾರುತ್ತದೆ, ಕಾಡಿನಲ್ಲಿ ಕೋಟಿ ವರ್ಷದಿಂದ ನಡೆದದ್ದೇ ನಿಮ್ಮ ಎದುರಿಗೆ 45 ಸೈಕಲ್‌ನಲ್ಲಿ. ಟೆಟ್ರಾದಲ್ಲಿ ಸ್ಟಟರ್ (ಹೀಗೆ ಜಾರಿ ಬಂದ ನಕಲಿನ) ಶಿಖರ ನಿಜವಾದ ಶಿಖರಕ್ಕಿಂತ ಒಂದು ಘಟಕ ಹಿಂದೆ, ಎತ್ತರ ಸಾಮಾನ್ಯವಾಗಿ 15%ದ ಒಳಗೆ. 202ರಲ್ಲಿ ದೊಡ್ಡದು, 198ರಲ್ಲಿ ಸಣ್ಣದು ಇದ್ದರೆ ಚಿಂತೆಯಿಲ್ಲ. 198 ಮತ್ತು 202 ಎರಡೂ ಎತ್ತರ, 194ರಲ್ಲಿ ಸಣ್ಣದು ಎಂದರೆ ಪಕ್ಕಪಕ್ಕದ ಅಲೀಲ್‌ಗಳ ಹೆಟೆರೋಜೈಗೋಟ್. ಎರಡಕ್ಷರದ ರಿಪೀಟ್‌ನಲ್ಲಿ ಮಾತ್ರ ನಾಲ್ಕೈದು ಶಿಖರಗಳ ಗೊಂಚಲೇ ಬರುತ್ತದೆ, ಹಿಕ್ಕೆ ಕೆಲಸಕ್ಕೆ ಅವು ಬೇಡ. ಎರಡು ಶಿಖರದ ನಡುವೆ ಒಂದೇ ಒಂದು ಬೇಸ್ ವ್ಯತ್ಯಾಸ, ಉದಾಹರಣೆಗೆ 201 ಮತ್ತು 202, ಇದ್ದರೆ ಅದು ಸ್ಟಟರ್ ಅಲ್ಲ. ಟ್ಯಾಕ್ ಪಾಲಿಮರೇಸ್ ಕೊನೆಯಲ್ಲಿ ಒಂದು ಎ ಸೇರಿಸುವ ಚಟ, ಅದು ಅರ್ಧಕ್ಕೆ ನಿಂತಿದೆ. ಬಣ್ಣ ಹಚ್ಚದ ಪ್ರೈಮರಿನ 5 ಪ್ರೈಮ್ ತುದಿಗೆ ಜಿಟಿಟಿಟಿ ಬಾಲ ಸೇರಿಸಿ, ಕೊನೆಯ ಎಕ್ಸ್‌ಟೆನ್ಶನ್ 60 ಡಿಗ್ರಿಯಲ್ಲಿ 30 ನಿಮಿಷ ಬಿಡಿ. ಸರಿಹೋಗುತ್ತದೆ.

ಮಾದರಿ ಹಿಡಿಯುವುದರಲ್ಲಿ ಅರ್ಧ ಕೆಲಸ ಇದೆ. ತಾಜಾ ಹಿಕ್ಕೆ ಸುಮಾರು 5 ಗ್ರಾಂ, 97%ಕ್ಕಿಂತ ಕಡಿಮೆಯಿಲ್ಲದ ಎಥನಾಲ್ 30 ಮಿ.ಲೀ.ನಲ್ಲಿ ಒಂದು ದಿನದಿಂದ ಒಂದೂವರೆ ದಿನ. ಆಮೇಲೆ ಎಥನಾಲ್ ಬಸಿದು ಗಟ್ಟಿಯನ್ನು ಸಿಲಿಕಾ ಮಣಿಗಳ ಟ್ಯೂಬಿಗೆ. ನಮ್ಮ ಘಟ್ಟದ ಹವೆಯಲ್ಲಿ ಸಿಲಿಕಾ ಬೇಗ ತೇವ ಹೀರುತ್ತದೆ, ಬಣ್ಣ ಬದಲಾದೊಡನೆ ಬದಲಿಸಬೇಕು. ಕರುಳಿನ ಕೋಶ ಅಂಟಿರುವುದು ಹೊರಮೈಗೆ, ಎಕ್ಸ್‌ಟ್ರಾಕ್ಷನ್‌ಗೆ ಹೊರಮೈ ಕೆರೆದ 100 ಮಿ.ಗ್ರಾಂ ತೆಗೆದುಕೊಳ್ಳಿ, ಒಳಗಿನ ಬೀಜ ನಾರು ಅಲ್ಲ. ಮಳೆಗಾಲದಲ್ಲಿ ಹೊರಮೈಯೇ ತೊಳೆದುಹೋಗಿರುತ್ತದೆ. ಅದೂ ಉಪ್ಪಾಗೆ ಹಣ್ಣಿನ ಕಾಲ. ಹಣ್ಣಿನ ಆಮ್ಲ, ಟ್ಯಾನಿನ್ ಸೇರಿ ಪಿಸಿಆರ್ ಕಟ್ಟಿಹಾಕುತ್ತವೆ. ಬಿಎಸ್‌ಎ ಎಂಬ ಪ್ರೋಟೀನ್ ಸೇರಿಸಿದರೆ ಸ್ವಲ್ಪ ಬಿಡುತ್ತದೆ. ಅನುಮಾನ ಇದ್ದರೆ ಡಿಎನ್‌ಎಯನ್ನು 1:10 ತೆಳು ಮಾಡಿ ಹಾಕಿ ನೋಡಿ. ತೆಳು ಮಾಡಿದಾಗ ಪಟ್ಟಿ ಬಂದು, ಗಟ್ಟಿ ಇದ್ದಾಗ ಬಾರದಿದ್ದರೆ ತೊಡಕು ಈ ಅಡ್ಡಿ ವಸ್ತುಗಳದ್ದು, ಡಿಎನ್‌ಎಯ ಕೊರತೆಯದ್ದಲ್ಲ.

ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಆದರೆ ಮಾರಾಯ್ರೆ, ಅದೇ ಮಂಗನ ಕಾಯಿಲೆಯ ಉಣ್ಣಿಗಳ ಕಾಲವೂ ಹೌದು. ಸಿದ್ದಾಪುರ ಕಡೆ ಹೋಗುವವರು ಉದ್ದ ಕಾಲುಚೀಲ, ಉಣ್ಣಿ ತೈಲ ಬಿಟ್ಟು ಕಾಡಿಗೆ ಇಳಿಯಬೇಡಿ. ಸತ್ತ ಮಂಗ ಕಂಡರೆ ಮಾದರಿ ಆಸೆಗೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕೋಡಿಬಾಗ

ವೃಕ್ಷ ಕೈಬಿಟ್ಟಾಯಿತು, ಮುಸ್ಯವೂ. ಆದರೆ ಪ್ರಭೇದಗಳ ನಡುವೆ ಹೋಲಿಸಲು ರಿಪೀಟ್‌ಗಳಲ್ಲಿ ಯಾವುದೂ ಬಾರದೇ? ಜೀನೋಮ್‌ನ ಅರ್ಧಕ್ಕಿಂತ ಹೆಚ್ಚು ರಿಪೀಟ್ ಎಂದೇ ಪಾಠ ಹೇಳುತ್ತೇವಲ್ಲ.

ಯಾಣ

ಬರುತ್ತದೆ. ಆಲು.

ರಿಪೀಟ್ ಎಂಬ ಒಂದೇ ಚೀಲಕ್ಕೆ ಎರಡು ಬೇರೆ ಜಾತಿಯ ವಸ್ತು ತುಂಬಿದ್ದರಿಂದ ಈ ಗೊಂದಲ. ಮೈಕ್ರೋಸ್ಯಾಟಲೈಟ್ ಇದ್ದಲ್ಲೇ ಉದ್ದ ಬದಲಿಸುತ್ತದೆ, ಹಿಂದಕ್ಕೂ ಬರುತ್ತದೆ. ಆಲು ಸುಮಾರು 300 ಅಕ್ಷರದ ತುಂಡು. ಆರ್‌ಎನ್‌ಎಯಾಗಿ ನಕಲಾಗಿ ಜೀನೋಮ್‌ನ ಇನ್ನೊಂದು ಕಡೆ ಹೊಕ್ಕು ಕೂರುತ್ತದೆ. ಸ್ವಂತ ಯಂತ್ರ ಇಲ್ಲ, ಎಲ್1 ಎಂಬ ಸುಮಾರು 6,000 ಅಕ್ಷರದ ರಿಪೀಟ್ ಮಾಡುವ ಪ್ರೋಟೀನ್ ಕದ್ದು ಬಳಸುತ್ತದೆ. ಹೊಕ್ಕ ಮೇಲೆ ಅಷ್ಟೇ ಅಚ್ಚುಕಟ್ಟಾಗಿ ಹೊರಬರುವುದು ಬಹಳ ಅಪರೂಪ. ಇಷ್ಟು ದೊಡ್ಡ ಜೀನೋಮ್‌ನಲ್ಲಿ ಸರಿಯಾಗಿ ಅದೇ ಜಾಗಕ್ಕೆ ಎರಡು ಸಲ ಹೊಗುವುದೂ ಅಪರೂಪ. ಆದ್ದರಿಂದ ಎರಡು ಪ್ರಾಣಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಆಲು ಇದ್ದರೆ ಅದು ಪೂರ್ವಜರಿಂದ ಬಂದದ್ದು. ಮೊದಲಿನ ಸ್ಥಿತಿ ಯಾವುದು ಎಂಬ ತಲೆನೋವೂ ಇಲ್ಲ: ಇಲ್ಲದ್ದು ಹಳೆಯದು, ಇರುವುದು ಹೊಸದು.

ನಮ್ಮ ಜೀನೋಮ್‌ನಲ್ಲಿ ಆಲು ಪ್ರತಿ 10 ಲಕ್ಷಕ್ಕೂ ಹೆಚ್ಚು, ಒಟ್ಟು ಅಕ್ಷರದ ಸುಮಾರು ಹತ್ತನೇ ಒಂದು ಪಾಲು. ಆಲು-ಜೆ ಅತಿ ಹಳೆಯದು, ಆಲು-ಎಸ್ ನಡುವಿನದು, ಆಲು-ವೈ ಹೊಸದು. ಎಲ್ಲ ವಂಶದಲ್ಲೂ ಒಂದೇ ವೇಗ ಇಲ್ಲ ಎಂಬುದೇ ಇದರ ಸ್ವಾರಸ್ಯ. 2011ರಲ್ಲಿ ಒರಾಂಗುಟಾನ್ ಜೀನೋಮ್ ಬಂದಾಗ, ಆ ವಂಶದಲ್ಲಿ ಮಾತ್ರ ಸೇರಿದ ಆಲು ಸುಮಾರು 250 ಎಂದು ಎಣಿಸಿದರು. ಚಿಂಪಾಂಜಿಯಲ್ಲಿ ಸುಮಾರು 2,300, ಮನುಷ್ಯರಲ್ಲಿ ಸುಮಾರು 5,000. ಒರಾಂಗುಟಾನ್ ನಮ್ಮಿಂದ ಬೇರೆಯಾದದ್ದು ಚಿಂಪಾಂಜಿಗಿಂತ ಎಷ್ಟೋ ಮೊದಲು, ಆದರೂ ಅಷ್ಟು ಕಡಿಮೆ. ಆದ್ದರಿಂದ ಆಲು ಎಣಿಸಿ ಕಾಲ ಲೆಕ್ಕ ಹಾಕಬೇಡಿ. ಇದೆ, ಇಲ್ಲ ಎಂಬುದಷ್ಟೇ ಬಳಸಿ.

ನಿಮ್ಮ ಬಿಎಸ್ಸಿ ಜೆಲ್‌ಗೆ ಎರಡು ಲೋಕಸ್ ಹೇಳುತ್ತೇನೆ. ಮೊದಲನೆಯದು ಬಾಲದ ಬೆಳವಣಿಗೆಗೆ ಬೇಕಾದ ಟಿಬಿಎಕ್ಸ್‌ಟಿ ಜೀನ್. 2024ರಲ್ಲಿ ಪ್ರಕಟವಾದ ಕೆಲಸದ ಪ್ರಕಾರ ಇದರ 6ನೇ ಇಂಟ್ರಾನ್‌ನಲ್ಲಿ (ಪ್ರೋಟೀನ್ ಸಂದೇಶದಿಂದ ಕತ್ತರಿಸಿಹೋಗುವ ಭಾಗ) ಒಂದು ಆಲು-ವೈ ಮನುಷ್ಯ, ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್, ಗಿಬ್ಬನ್ ಎಲ್ಲರಲ್ಲೂ ಇದೆ, ಬಾಲವಿರುವ ಮಂಗಗಳಲ್ಲಿ ಇಲ್ಲ. ಅದು 5ನೇ ಇಂಟ್ರಾನ್‌ನ ಹಳೆಯ ಆಲು-ಎಸ್‌ಎಕ್ಸ್1ಕ್ಕೆ ತಿರುಗುಮುರುಗಾಗಿ ಕೂತಿದೆ. ಆರ್‌ಎನ್‌ಎಯಲ್ಲಿ ಇವೆರಡೂ ಒಂದಕ್ಕೊಂದು ಅಂಟಿಕೊಂಡಾಗ ನಡುವಿನ 6ನೇ ಎಕ್ಸಾನ್ (ಸಂದೇಶದಲ್ಲಿ ಉಳಿಯಬೇಕಾದ ಭಾಗ) ಹೊರಗೆ ಉಳಿಯುತ್ತದೆ. ಇಲಿಗಳಲ್ಲಿ ಹಾಗೆ ಎಕ್ಸಾನ್ ಬಿಟ್ಟುಹೋದ ರೂಪ ಮಾಡಿಸಿದಾಗ ಬಾಲ ಗಿಡ್ಡವಾಯಿತು ಅಥವಾ ಇಲ್ಲವಾಯಿತು. ಸಿಂಗಳೀಕದ ಬಾಲದ ತುದಿಯ ಕುಚ್ಚು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಡ. ಮನುಷ್ಯರ ಪಟ್ಟಿ ಮಂಗದ ಪಟ್ಟಿಗಿಂತ ಸುಮಾರು 300 ಬೇಸ್ ಮೇಲೆ ನಿಲ್ಲುತ್ತದೆ. ಪ್ರೈಮರ್ ಆಲುವಿನ ಆಚೀಚೆಯ ವಿಶಿಷ್ಟ ಅನುಕ್ರಮದಲ್ಲೇ ಇರಬೇಕು. ಆಲುವಿನೊಳಗೆ ಸ್ವಲ್ಪ ತಾಗಿದರೂ 10 ಲಕ್ಷ ಕಡೆ ಅಂಟಿ ಜೆಲ್ ಪೂರ್ತಿ ಮಸಿ ಬಳಿದ ಹಾಗಾಗುತ್ತದೆ. ಎರಡೂ ಪ್ರಾಣಿಯ ಅನುಕ್ರಮ ಒಂದರ ಕೆಳಗೊಂದು ಇಟ್ಟು ಇಬ್ಬರಲ್ಲೂ ಒಂದೇ ಇರುವ ತುಂಡು ಆರಿಸಿ.

ಎರಡನೆಯದು ಮನುಷ್ಯರೊಳಗಿನ ವ್ಯತ್ಯಾಸಕ್ಕೆ, ಪಿವಿ92. 16ನೇ ಕ್ರೋಮೋಸೋಮ್‌ನಲ್ಲಿ, ಮನುಷ್ಯ ವಂಶದಲ್ಲಿ ಮಾತ್ರ ಹೊಕ್ಕ ಆಲು. ಕೆಲವರಲ್ಲಿದೆ, ಕೆಲವರಲ್ಲಿಲ್ಲ. ಪೂರ್ವ ಏಷ್ಯಾ ಮತ್ತು ಅಮೆರಿಕದ ಮೂಲನಿವಾಸಿಗಳಲ್ಲಿ ಬಹಳ ಹೆಚ್ಚು, ಆಫ್ರಿಕಾ ಯುರೋಪ್‌ಗಳಲ್ಲಿ ಕಡಿಮೆ. ಕಾಲೇಜುಗಳಲ್ಲಿ ಹೆಚ್ಚು ಬಳಸುವ ಪ್ರೈಮರ್ ಜೋಡಿಗೆ ಇದ್ದರೆ 941, ಇಲ್ಲದಿದ್ದರೆ 641 ಬೇಸ್. ಉಪ್ಪುನೀರು, 0.9%, ಬಾಯಿ ಮುಕ್ಕಳಿಸಿ ಸೆಂಟ್ರಿಫ್ಯೂಜ್ ಮಾಡಿ, ಡಿಎನ್‌ಎ ಕಾಪಾಡುವ ಚೆಲೆಕ್ಸ್ ಮಣಿಯಲ್ಲಿ 56 ಡಿಗ್ರಿ 10 ನಿಮಿಷ, 100 ಡಿಗ್ರಿ 5 ನಿಮಿಷ. ಪಿಸಿಆರ್ 94 ಡಿಗ್ರಿ 1 ನಿಮಿಷ, 60 ಡಿಗ್ರಿ 1 ನಿಮಿಷ, 72 ಡಿಗ್ರಿ 2 ನಿಮಿಷ, 40 ಸೈಕಲ್. ತಪ್ಪು ಆಗುವ ಜಾಗ ಒಂದೇ: ಗಿಡ್ಡ ತುಂಡು ಉದ್ದದ್ದಕ್ಕಿಂತ ಸುಲಭವಾಗಿ ಬೆಳೆಯುತ್ತದೆ. ಡಿಎನ್‌ಎ ಕೆಟ್ಟಿದ್ದರೆ ಹೆಟೆರೋಜೈಗೋಟ್‌ನ 941 ಮಂಕಾಗಿ, ಆಲು ಇಲ್ಲದವನೆಂದು ಓದಿಬಿಡುತ್ತೀರಿ. 72 ಡಿಗ್ರಿಯ 2 ನಿಮಿಷವನ್ನು ಸಮಯ ಉಳಿಸಲೆಂದು ಕಡಿತ ಮಾಡುವುದೇ ಇದಕ್ಕೆ ಸಾಮಾನ್ಯ ಕಾರಣ.

ಉಳವಿ_ದಾರಿ

ಸಿದ್ಧಿಗಳ ಲೆಕ್ಕದ ಬಗ್ಗೆ ಯಾರೂ ಮುಟ್ಟಿಲ್ಲ.

ಆ ಎರಡು ದರ ಎಲ್ಲಿಂದ ಬಂದವು ಎಂದರೆ, ತಂದೆ-ಮಗ ಜೋಡಿಗಳಲ್ಲಿ ನೇರ ಎಣಿಸಿದ್ದು ತಲೆಮಾರಿಗೆ ಸಾವಿರಕ್ಕೆ 2ರಿಂದ 3. ಇತಿಹಾಸ ಗೊತ್ತಿರುವ ಸಮುದಾಯಗಳ ವೈವಿಧ್ಯದಿಂದ ಹಿಮ್ಮುಖವಾಗಿ ತೆಗೆದದ್ದು 25 ವರ್ಷಕ್ಕೆ 10,000ಕ್ಕೆ 6.9. ಎರಡನೆಯದು ಕಡಿಮೆ ಇರಲು ಕಾರಣ ಹಿಂದೆಮುಂದೆ ಹೋದ ಹೆಜ್ಜೆಗಳು ಕಾಣದೆ ಹೋಗುವುದು, ಎಷ್ಟೋ ವಂಶಗಳು ಅಳಿದುಹೋಗುವುದು. ಜಗಳ ಹಳೆಯದು. ಆದರೆ ನಿಮ್ಮ ಪ್ರಶ್ನೆಗೆ ಎರಡೂ ಬೇಡ. ಅವರು ಬಂದು 400 ವರ್ಷ ಎಂದು ಹಿಡಿದರೆ 16 ತಲೆಮಾರು. 17 ಲೋಕಸ್, ದರ ಸಾವಿರಕ್ಕೆ 2.5 ಎಂದರೆ ಒಂದು ವಂಶಕ್ಕೆ ಇಲ್ಲಿಗೆ ಬಂದಮೇಲೆ ಸರಾಸರಿ 0.7 ಮ್ಯುಟೇಶನ್, ಪೂರ್ತಿ ಒಂದೂ ಆಗುವುದಿಲ್ಲ. ಇವತ್ತು ಕಾಣುವ ವೈವಿಧ್ಯ ಬಹುತೇಕ ಅವರ ಪೂರ್ವಜರು ಆಫ್ರಿಕಾದಿಂದಲೇ ಹೊತ್ತು ತಂದದ್ದು. ಅದರ ವಯಸ್ಸು ಅಳೆದರೆ ಸಿಗುವುದು ಆಫ್ರಿಕಾದೊಳಗಿನ ಹಳೆಯ ಕವಲು, ಹಡಗು ಇಳಿದ ಕಾಲ ಅಲ್ಲ. ಇತ್ತೀಚಿನ ಬೆರಕೆಗೆ ಬೇರೆ ಬೇರೆ ಪೂರ್ವಜರಿಂದ ಬಂದ ಕ್ರೋಮೋಸೋಮ್ ತುಂಡುಗಳ ಉದ್ದ ನೋಡಬೇಕು, ತಲೆಮಾರು ಕಳೆದಂತೆ ತುಂಡುಗಳು ಚಿಕ್ಕದಾಗುತ್ತವೆ. 2011ರಲ್ಲಿ ಕರ್ನಾಟಕ ಮತ್ತು ಗುಜರಾತಿನ ಸಿದ್ಧಿಗಳ ಮೇಲೆ ಪ್ರಕಟವಾದ ಅಧ್ಯಯನ ಆ ದಾರಿಯಲ್ಲೇ ಸುಮಾರು 200 ವರ್ಷ, 8 ತಲೆಮಾರು ಎಂದು ಬೆರಕೆಯ ಕಾಲ ಕೊಟ್ಟಿತು. ಬಂದ ಕಾಲ ಬೇರೆ, ಬೆರೆತ ಕಾಲ ಬೇರೆ, ಅದನ್ನೂ ಗಮನಿಸಿ.

ಸಹಸ್ರಲಿಂಗ ಅವರ ಮಾತಿಗೆ ಒಂದು ತಿದ್ದುಪಡಿ. ಹತ್ತಾರು ತಲೆಮಾರಿನ ಗಡಿಯಾರ ಎಂದದ್ದು ತೀರಾ ಬಿಗಿಯಾಯಿತು. 2002ರಲ್ಲಿ 52 ಸಮುದಾಯಗಳ 1,056 ಜನರಲ್ಲಿ 377 ಮೈಕ್ರೋಸ್ಯಾಟಲೈಟ್ ನೋಡಿ ಖಂಡಗಳ ಮಟ್ಟದ ರಚನೆ ತೋರಿಸಿದರು, ಅದು ಹತ್ತಾರು ಸಾವಿರ ವರ್ಷದ ಆಳ. ಅಲೀಲ್ ಉದ್ದ ಅಲ್ಲ, ಅಲೀಲ್‌ಗಳ ಪ್ರಮಾಣ ಬಳಸಿದ್ದರಿಂದ ಅದು ಸಾಧ್ಯವಾಯಿತು. ಅದೇ ಕೆಲಸದಲ್ಲಿ ಒಟ್ಟು ವ್ಯತ್ಯಾಸದ 93ರಿಂದ 95% ಒಂದೇ ಸಮುದಾಯದೊಳಗಿನದ್ದು ಎಂದೂ ಬಂತು. ಸಿದ್ಧಿ, ಹಾಲಕ್ಕಿ ಎಂದು ಹೆಸರು ಹಾಕಿ ಪೋಸ್ಟರ್ ಮಾಡುವ ಮೊದಲು ಆ ಅಂಕಿ ಎದುರಿಗಿರಲಿ.

ಹೊಸ ಮಾದರಿ ತೆಗೆಯುವ ಆಸೆ ಇದ್ದರೆ ನೈತಿಕ ಸಮಿತಿಯ ಒಪ್ಪಿಗೆ, ಸಮುದಾಯದ ಹಿರಿಯರೊಂದಿಗೆ ಮಾತು, ಆಮೇಲೆ ವ್ಯಕ್ತಿಯ ಲಿಖಿತ ಒಪ್ಪಿಗೆ. ಸಣ್ಣ ಕೇರಿಯಲ್ಲಿ 17 ಲೋಕಸ್‌ನ ವೈ ಪ್ರೊಫೈಲ್ ಎಂದರೆ ಮನೆತನದ ಹೆಸರು ಬರೆದಂತೆಯೇ, ಹೆಸರು ಅಳಿಸಿದರೂ ಗುರುತು ಹೋಗದು. ಮಕ್ಕಳ ಪಿತೃತ್ವದ ಪ್ರಶ್ನೆ ಏಳಬಹುದು. ಪ್ರಕಟಿತ ದತ್ತಾಂಶದಲ್ಲೇ ಕೆಲಸ ಮುಗಿಸಿ ಎಂಬುದು ನನ್ನ ಸಲಹೆ.

ಸಹಸ್ರಲಿಂಗ

ತಿದ್ದುಪಡಿ ಸರಿ, ಪ್ರಮಾಣ ಬಳಸಿದರೆ ಆಳ ಹೆಚ್ಚು.

ಕೇಳದಿದ್ದರೂ ಸ್ಯಾಟಲೈಟ್ ಡಿಎನ್‌ಎ ಬಗ್ಗೆ ಎರಡು ಮಾತು, ಏಕೆಂದರೆ ಪಾಠದಲ್ಲಿ ಬರುತ್ತದೆ. ಸೆಂಟ್ರೋಮಿಯರ್‌ನ (ಕೋಶ ಒಡೆಯುವಾಗ ಕ್ರೋಮೋಸೋಮ್ ಹಿಡಿದೆಳೆಯುವ ಜಾಗ) ಆಲ್ಫಾ ಸ್ಯಾಟಲೈಟ್ ಘಟಕ 171 ಅಕ್ಷರ. ಮನುಷ್ಯರಲ್ಲಿ ಇಂಥ ಹಲವು ಘಟಕ ಸೇರಿ ಒಂದು ದೊಡ್ಡ ಕಟ್ಟು, ಆ ಕಟ್ಟೇ ಸಾವಿರ ಸಲ ಮರುಕಳಿಸುತ್ತದೆ. ಎಕ್ಸ್ ಕ್ರೋಮೋಸೋಮ್‌ನಲ್ಲಿ 12 ಘಟಕದ ಕಟ್ಟು, ಸುಮಾರು 2,000 ಅಕ್ಷರ. ಮಕಾಕ್‌ಗಳಲ್ಲಿ ಎರಡು ಘಟಕದ ಜೋಡಿ ಅಷ್ಟೇ ಮುಖ್ಯವಾಗಿ. ಇಲ್ಲಿ ಬದಲಾವಣೆ ಜಾರುವುದರಿಂದ ಅಲ್ಲ, ಅಸಮ ಕ್ರಾಸಿಂಗ್ ಓವರ್ (ಜೋಡಿ ಕ್ರೋಮೋಸೋಮ್‌ಗಳ ಸಾಲು ತಪ್ಪಿದ ಅದಲುಬದಲು) ಮತ್ತು ಜೀನ್ ಕನ್ವರ್ಶನ್‌ನಿಂದ (ಒಂದು ಪ್ರತಿಯ ಮೇಲೆ ಇನ್ನೊಂದರ ನಕಲು ಕೂರುವುದು). ಒಂದು ಹೊಸ ರೂಪ ಹುಟ್ಟಿ ಪಕ್ಕದವನ್ನು ಅಳಿಸಿ ಸಾಲನ್ನೆಲ್ಲ ಆಕ್ರಮಿಸುತ್ತದೆ. 2024ರಲ್ಲಿ ಇಬ್ಬರು ಬೇರೆ ಮನುಷ್ಯರ ಮೂಲದ ಪೂರ್ತಿ ಸೆಂಟ್ರೋಮಿಯರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಕೆಲವು ಗಾತ್ರದಲ್ಲಿ ಮೂರು ಪಟ್ಟು ಬೇರೆ. 2023ರಲ್ಲಿ 43 ಗಂಡಸರ ವೈ ಕ್ರೋಮೋಸೋಮ್ ಜೋಡಿಸಿದಾಗ ಚಿಕ್ಕದು 4.52 ಕೋಟಿ ಅಕ್ಷರ, ದೊಡ್ಡದು 8.49 ಕೋಟಿ. ವ್ಯತ್ಯಾಸದ ಬಹುಪಾಲು ರಿಪೀಟ್. ಚಿಂಪಾಂಜಿ, ಗೊರಿಲ್ಲಾಗಳ ಕ್ರೋಮೋಸೋಮ್ ತುದಿಗಳಲ್ಲಿ 32 ಅಕ್ಷರದ ಸ್ಯಾಟಲೈಟ್‌ನ ದೊಡ್ಡ ಟೋಪಿ ಇದೆ, ನಮಗಿಲ್ಲ, ಒರಾಂಗುಟಾನ್‌ಗೂ ಇಲ್ಲ.

ಇದೆಲ್ಲ ಕಂಡದ್ದು 15,000ದಿಂದ 1 ಲಕ್ಷಕ್ಕೂ ಹೆಚ್ಚು ಅಕ್ಷರ ಒಂದೇ ಓದಿನಲ್ಲಿ ಬರುವ ತಂತ್ರ ಬಂದ ಮೇಲೆ. 150 ಅಕ್ಷರದ ಓದಿಗೆ 171ರ ಘಟಕ ಒಂದೂ ಪೂರ್ತಿ ಹಿಡಿಸದು. 2022ರವರೆಗೆ ಮನುಷ್ಯರ ಜೀನೋಮ್‌ನ 8% ಖಾಲಿ ಉಳಿದಿದ್ದು ಅದಕ್ಕೇ. ಹಿಕ್ಕೆಯ ತುಂಡು ಡಿಎನ್‌ಎಯಿಂದ ಇದಕ್ಕೆ ಕೈ ಹಾಕಬೇಡಿ.

ಕೋಡಿಬಾಗ

ಒಂದೇ ಪ್ರಶ್ನೆ ಉಳಿದಿದೆ. 60 ಹಿಕ್ಕೆ ಮಾದರಿ, ಸಣ್ಣ ಅನುದಾನ. ಏಳೇಳು ಸಲ ಮಾಡಲು ದುಡ್ಡಿಲ್ಲ.

ಹೊನ್ನೆಮರ

60ಕ್ಕೂ ಮಾಡಬೇಡಿ. ಮೊದಲು ಪ್ರೈಮೇಟ್ ಡಿಎನ್‌ಎಯನ್ನಷ್ಟೇ ಹಿಡಿಯುವ ಒಂದು ಗಿಡ್ಡ ತುಂಡಿಗೆ, 80ರಿಂದ 100 ಬೇಸ್ ಸಾಕು, ಕ್ಯೂಪಿಸಿಆರ್ (ಪ್ರಮಾಣ ಅಳೆಯುವ ಪಿಸಿಆರ್) ಮಾಡಿ ಪ್ರತಿ ಮಾದರಿಯಲ್ಲಿ ಎಷ್ಟು ಇದೆ ಎಂದು ತಿಳಿಯಿರಿ. ಒಂದು ಪಿಸಿಆರ್‌ಗೆ 200 ಪಿಕೋಗ್ರಾಂ ಮೀರಿ ಸಿಗುವವಕ್ಕೆ ಎರಡು ಮೂರು ಸಲ ಸಾಕು. 25ಕ್ಕಿಂತ ಕೆಳಗಿನವನ್ನು ಬಿಟ್ಟುಬಿಡಿ, ಏಳು ಸಲ ಮಾಡಿದರೂ ಅರ್ಧ ಲೋಕಸ್ ಬರುವುದಿಲ್ಲ. ಆಮೇಲೆ ಅತಿ ಹೆಚ್ಚು ವೈವಿಧ್ಯದ ನಾಲ್ಕು ಲೋಕಸ್ ಮಾತ್ರ ಓಡಿಸಿ, ಒಂದೇ ಪ್ರಾಣಿಯನ್ನು ಎರಡು ಸಲ ಎತ್ತಿದ್ದೀರಾ ನೋಡಿ. ಮರದ ಕೆಳಗೆ ಒಂದೇ ಗುಂಪಿನ ಹಿಕ್ಕೆ ಹಾಗೆ ಬಹಳ ಬರುತ್ತದೆ. ಎಲ್ಲ ನಾಲ್ಕರಲ್ಲೂ ಹೊಂದಿದರೆ ಬಹುಶಃ ಒಂದೇ ಪ್ರಾಣಿ. ಒಂದೇ ಒಂದು ಅಲೀಲ್‌ನಲ್ಲಿ ತಪ್ಪಿದರೆ, ಮೊದಲು ಡ್ರಾಪ್‌ಔಟ್ ಎಂದೇ ಅನುಮಾನಿಸಿ ಆ ಲೋಕಸ್ ಮತ್ತೆ ಮಾಡಿ. ಉಳಿದ ಬಿಡಿ ಪ್ರಾಣಿಗಳಿಗೆ ಮಾತ್ರ 10ರಿಂದ 12 ಲೋಕಸ್. ಸಿಂಗಳೀಕ ಗುಂಪಿನಲ್ಲಿ ಅಕ್ಕ ತಂಗಿಯರೇ ತುಂಬಿರುವುದರಿಂದ, ಗುರುತಿನ ಸಾಧ್ಯತೆ (ಎರಡು ಬೇರೆ ಪ್ರಾಣಿಗಳ ಅಲೀಲ್‌ಗಳು ಆಕಸ್ಮಿಕವಾಗಿ ಒಂದೇ ಆಗಿರುವ ಸಾಧ್ಯತೆ) ಲೆಕ್ಕ ಹಾಕುವಾಗ ಒಡಹುಟ್ಟಿದವರ ಸೂತ್ರ ಹಾಕಿ, ಸಂಬಂಧವಿಲ್ಲದವರದ್ದಲ್ಲ.